ಬ್ಯಾಂಡ್ ಯಾಕೆ ಒಡೆಯುತ್ತದೆ? ಕಾರವಾರ, ಶಿರಸಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಗಿಟಾರ್ ಕಲಿಸುತ್ತೇನೆ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಶಿರಸಿಗೂ ಹೋಗುತ್ತೇನೆ. ಕಲಿಯಲು ಬರುವ ಹುಡುಗರು, ಅವರ ಅಪ್ಪ-ಅಮ್ಮಂದಿರು, ಚಾ ಅಂಗಡಿಯಲ್ಲಿ ಸಿಗುವವರು ಎಲ್ಲ ಕೇಳುವುದು ಸುಮಾರು ಒಂದೇ ಬಗೆಯ ಪ್ರಶ್ನೆ. ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಕೊನೆಗೆ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಈಗೋ ಎಲ್ಲ ಬ್ಯಾಂಡಲ್ಲೂ ಇರುತ್ತದೆ. ಒಡೆಯದೆ ಉಳಿದ ಬ್ಯಾಂಡಲ್ಲೂ ಬೇಕಾದಷ್ಟಿದೆ. ಒಡೆದವರ ಕಥೆ ಕೆದಕಿದರೆ ಅಡಿಯಲ್ಲಿ ಸಿಗುವುದು ಬಹಳ ಸಲ ಯಾರೂ ಕೂತು ಮಾತಾಡಿ ಮುಗಿಸದ ಒಂದು ಲೆಕ್ಕ.

## ಶುರುವಿನ ಪ್ರಶ್ನೆಗಳು

ರಾಕ್ ಬ್ಯಾಂಡ್ ಅಂದ್ರೆ ನಮ್ಮ ಗಣಪತಿ ಹಬ್ಬದ ಆರ್ಕೆಸ್ಟ್ರಾ ತರಾನೇ ಅಲ್ವಾ? ಅದ್ರಲ್ಲಿ ಒಡೆಯೋಕೆ ಎಂತ ಉಂಟು?

ವಾದ್ಯ ಹೆಚ್ಚುಕಡಿಮೆ ಅವೇ, ವ್ಯವಸ್ಥೆ ಬೇರೆ. ಆರ್ಕೆಸ್ಟ್ರಾಕ್ಕೆ ಒಬ್ಬ ಮಾಲೀಕ ಇರುತ್ತಾನೆ. ಕಾರ್ಯಕ್ರಮ ಹಿಡಿಯುವವನು ಅವನು. ಕೀಬೋರ್ಡಿನವನಿಗೆ ಇಷ್ಟು, ಹಾಡುವವರಿಗೆ ಇಷ್ಟು ಅಂತ ರಾತ್ರಿಯೇ ಎಣಿಸಿ ಕೊಡುತ್ತಾನೆ. ರಿದಮ್ ಪ್ಯಾಡಿನವನಿಗೆ ಜ್ವರ ಬಂದರೆ ಕುಮಟಾದಿಂದಲೋ ಅಂಕೋಲಾದಿಂದಲೋ ಇನ್ನೊಬ್ಬ ಬರುತ್ತಾನೆ. ಹಾಡುಗಳು ಸಿನಿಮಾದವು, ವೇದಿಕೆಯ ಮೇಲಿನ ಯಾರ ಸ್ವಂತದ್ದೂ ಅಲ್ಲ.

ರಾಕ್ ಬ್ಯಾಂಡಲ್ಲಿ ಮಾಲೀಕನೇ ಇಲ್ಲ, ಅಥವಾ ನಾಲ್ವರೂ ಮಾಲೀಕರು. ಹಾಡು ಅವರೇ ಕಟ್ಟಿದ್ದು. ಜನ ಬರುವುದು ಆ ನಾಲ್ಕು ಮುಖ ನೋಡಲು. ಒಬ್ಬ ಎದ್ದು ಹೋದರೆ ಕುಮಟಾದಿಂದ ಕರೆಸಲು ಆಗುವುದಿಲ್ಲ. "ಸಾಕು, ಸುಮ್ನಿರಿ" ಅಂತ ಗದರಿಸುವವನೂ ಇಲ್ಲ.

'ಕ್ರಿಯೇಟಿವ್ ಡಿಫರೆನ್ಸಸ್' ಅಂತ ಪೇಪರಲ್ಲಿ ಬರ್ತದಲ್ಲ, ಅದು ನಿಜವಾ, ಮುಚ್ಚಿ ಹಾಕೋಕೆ ಹೇಳೋದಾ?

ಎರಡೂ ಉಂಟು. ಹಾಡು ಹೇಗಿರಬೇಕು ಅನ್ನುವುದರಲ್ಲಿ ಒಮ್ಮತ ಇಲ್ಲ ಅಂತ ಅದರ ಅರ್ಥ. ಹಾಗಂದರೆ ಯಾರ ಮೇಲೂ ತಪ್ಪು ಬೀಳುವುದಿಲ್ಲ, ವಕೀಲರಿಗೂ ನೆಮ್ಮದಿ.

ಆದರೆ ಕೆಲವು ಸಲ ಇದ್ದದ್ದು ಇದ್ದ ಹಾಗೇ ನಿಜ. ಎಡ್ಡಿ ವ್ಯಾನ್ ಹೇಲನ್ ಗಿಟಾರಿನಲ್ಲಿ ಅಸಾಧ್ಯದ ಮನುಷ್ಯ. ಅವನಿಗೆ ತನ್ನ 'ವ್ಯಾನ್ ಹೇಲನ್' ಬ್ಯಾಂಡಿನಲ್ಲಿ ಕೀಬೋರ್ಡ್ ಬೇಕು ಅನ್ನಿಸಿತು. ಗಾಯಕ ಡೇವಿಡ್ ಲೀ ರಾತ್‌ಗೆ ಅದು ಹಿಡಿಸಲಿಲ್ಲ. ಎಡ್ಡಿ ತನ್ನ ಮನೆಯಲ್ಲೇ ಸ್ಟುಡಿಯೋ ಕಟ್ಟಿಸಿಕೊಂಡ. ಅಲ್ಲಿ ಸಿಂತಸೈಜರ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್ ಇಟ್ಟು ಮಾಡಿದ 'ಜಂಪ್' ಹಾಡು 1984ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಮರುವರ್ಷ ರಾತ್ ಬ್ಯಾಂಡಿನಿಂದ ಹೊರಗೆ. ಆ ಬ್ಯಾಂಡಿನ ಬೇರೆ ಯಾವ ಹಾಡೂ ಅಲ್ಲಿ ಒಂದನೇ ಸ್ಥಾನ ಮುಟ್ಟಲಿಲ್ಲ.

ಅಷ್ಟು ದುಡ್ಡು ಬರ್ತಿತ್ತಲ್ಲ ಮಾರಾಯ್ರೆ, ಸುಮ್ನೆ ನುಂಗ್ಕೊಂಡು ಇರೋಕೆ ಆಗ್ತಿರ್ಲಿಲ್ವಾ?

ನುಂಗಿಕೊಂಡು ಇರುವುದು ದುಡ್ಡು ಇಲ್ಲದಾಗ ಸುಲಭ. 1960ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಹುಡುಗರು ಜರ್ಮನಿಯ ಹ್ಯಾಂಬರ್ಗಿಗೆ ಹೋದಾಗ ಮಲಗಿದ್ದು ಒಂದು ಸಿನಿಮಾ ಥಿಯೇಟರಿನ ಹಿಂದಿನ ಕೋಣೆಯಲ್ಲಿ, ಕಕ್ಕಸಿನ ಪಕ್ಕ. ಆಗ ಜಗಳ ಆಡಿ ಎದ್ದು ಹೋಗಲು ಇನ್ನೊಂದು ಜಾಗವೇ ಇರಲಿಲ್ಲ. ಎಂಟು ವರ್ಷ ಕಳೆಯುವಷ್ಟರಲ್ಲಿ ಎಲ್ಲರಿಗೂ ಬೇರೆ ಬೇರೆ ಮನೆ, ಸಂಸಾರ. ಮುಂದೆ ವಕೀಲರೂ ಬೇರೆ ಬೇರೆಯಾದರು. ಬೇಡ ಅಂದರೆ ಬೇಡ ಅನ್ನುವ ಶಕ್ತಿ ಕೊಡುವುದು ದುಡ್ಡೇ.

ನುಂಗಿಕೊಂಡವರೂ ಇದ್ದಾರೆ. ರೋಲಿಂಗ್ ಸ್ಟೋನ್ಸ್ 1962ರಿಂದ ನಡೆಯುತ್ತಿದೆ. 80ರ ದಶಕದಲ್ಲಿ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಪತ್ರಿಕೆಗಳಲ್ಲೇ ಒಬ್ಬರನ್ನೊಬ್ಬರು ಬೈದುಕೊಂಡು, ಆಮೇಲೆ ಮತ್ತೆ ಕೂತು ಹಾಡು ಬರೆದರು. ಫ್ಲೀಟ್‌ವುಡ್ ಮ್ಯಾಕ್ ಕಥೆ ಇನ್ನೂ ವಿಚಿತ್ರ. 1977ರ 'ರೂಮರ್ಸ್' ಆಲ್ಬಂ ಮಾಡುವಾಗ ಬ್ಯಾಂಡಿನೊಳಗಿನ ಎರಡು ಜೋಡಿಗಳೂ ಮುರಿದುಬಿದ್ದಿದ್ದವು. ಬಿಟ್ಟುಹೋದ ಗೆಳತಿಯನ್ನು ಬೈದು ಲಿಂಡ್ಸೆ ಬಕಿಂಗ್‌ಹ್ಯಾಮ್ ಹಾಡು ಬರೆದ. ಆ ಹಾಡಿಗೆ ಹಿಂದಿನಿಂದ ದನಿ ಕೂಡಿಸಿದ್ದು ಆ ಗೆಳತಿ ಸ್ಟೀವಿ ನಿಕ್ಸ್! ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೂ ಒಂದು. ಅಷ್ಟಾಗಿಯೂ 2018ರಲ್ಲಿ ಬಕಿಂಗ್‌ಹ್ಯಾಮ್‌ನನ್ನು ಬ್ಯಾಂಡಿನಿಂದ ತೆಗೆದರು.

ಡ್ರಗ್ಸ್, ಕುಡಿತ ಅಂತ ಹೇಳಿ ಮುಗಿಸಬಹುದಲ್ವಾ?

ಕೆಲವು ಕಡೆ ಹೌದು. 1980ರ ಸೆಪ್ಟೆಂಬರ್‌ನಲ್ಲಿ ಡ್ರಮ್ಮರ್ ಜಾನ್ ಬಾನಮ್ ವಿಪರೀತ ಕುಡಿದು ಸತ್ತ. ಅವನಿಲ್ಲದೆ ಬೇಡ ಅಂತ ಲೆಡ್ ಜೆಪ್ಲಿನ್ ಉಳಿದವರು ಆ ವರ್ಷವೇ ನಿಲ್ಲಿಸಿದರು. ಅಲ್ಲಿ ಜಗಳ ಇರಲಿಲ್ಲ. ಉಳಿದ ಕಡೆ ಅಮಲು ಇದ್ದ ಜಗಳವನ್ನು ಬೆಳೆಸುತ್ತದೆ ಅಷ್ಟೇ.

## ಬೀಟಲ್ಸ್ ಬಗ್ಗೆ

ಯೋಕೋ ಓನೋ ಬಂದದ್ದಕ್ಕೇ ಬೀಟಲ್ಸ್ ಒಡೆದದ್ದು ಹೌದಾ? ನಮ್ಮ ಮಾವ ಹಾಗೇ ಹೇಳ್ತಾರೆ.

ಮಾವನ ಕಾಲದಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಮನೆ ಒಡೆದರೆ ಹೊರಗಿಂದ ಬಂದ ಹೆಣ್ಣಿನ ಮೇಲೆ ಹಾಕುವುದು ನಮಗೂ ರೂಢಿ, ಅವರಿಗೂ ರೂಢಿ.

1969ರ ಜನವರಿಯಲ್ಲಿ ಅವರು ಹಾಡು ಕಟ್ಟುತ್ತಿದ್ದಾಗ ತೆಗೆದ ಚಿತ್ರೀಕರಣ 2021ರಲ್ಲಿ 'ಗೆಟ್ ಬ್ಯಾಕ್' ಅನ್ನುವ ಹೆಸರಲ್ಲಿ ಬಂತು. ಸುಮಾರು 8 ಗಂಟೆಯದು. ಪುರುಸೊತ್ತು ಮಾಡಿಕೊಂಡು ನೋಡಿ. ಯೋಕೋ ತಮ್ಮ ಗೆಳೆಯ, ಬ್ಯಾಂಡಿನ ಜಾನ್ ಲೆನನ್ ಪಕ್ಕ ಕೂತಿರುತ್ತಾರೆ, ಪೇಪರ್ ಓದುತ್ತಾರೆ, ಹೆಚ್ಚು ಮಾತಿಲ್ಲ. ಒಂದು ಕಡೆ ಬ್ಯಾಂಡಿನ ಇನ್ನೊಬ್ಬ, ಪಾಲ್ ಮೆಕಾರ್ಟ್ನಿ ನಗುತ್ತಾ ಹೇಳುತ್ತಾನೆ: ಯೋಕೋ ಆಂಪ್ಲಿಫೈಯರ್ ಮೇಲೆ ಕೂತದ್ದಕ್ಕೆ ಇವರು ಒಡೆದುಹೋದರು ಅಂತ 50 ವರ್ಷದ ಮೇಲೆ ಜನ ಹೇಳಿದರೆ ತಮಾಷೆ ಆಗುತ್ತದೆ ಅಂತ. ಜನ ಹೇಳಿದ್ದು ಅದನ್ನೇ.

ನಿಜವಾದ ಬಿರುಕು ಅದಕ್ಕೂ ಮೊದಲಿನದು. 1967ರ ಆಗಸ್ಟ್‌ನಲ್ಲಿ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ತೀರಿಕೊಂಡ, 32ನೇ ವಯಸ್ಸಿಗೆ. ಅಲ್ಲಿಯವರೆಗೆ ನಾಲ್ವರೂ ದುಡ್ಡಿನ ಕಾಗದ ಓದಿದವರಲ್ಲ. ಮರುವರ್ಷ 'ಆ್ಯಪಲ್' ಅಂತ ಸ್ವಂತ ಕಂಪನಿ ತೆರೆದು ದುಡ್ಡು ನೀರಿನ ಹಾಗೆ ಖರ್ಚು ಮಾಡಿದರು. ಆಮೇಲೆ ಲೆಕ್ಕ ನೋಡಲು ಯಾರನ್ನು ಇಡುವುದು ಅನ್ನುವ ಪ್ರಶ್ನೆ ಬಂತು. ಜಾನ್, ಗಿಟಾರಿನ ಜಾರ್ಜ್ ಹ್ಯಾರಿಸನ್, ಡ್ರಮ್ಮರ್ ರಿಂಗೋ ಮೂವರೂ ಅಮೆರಿಕದ ಆ್ಯಲನ್ ಕ್ಲೈನ್ ಇರಲಿ ಅಂದರು. ಪಾಲ್ ತನ್ನ ಹೆಂಡತಿ ಲಿಂಡಾಳ ಅಪ್ಪ, ವಕೀಲ ಲೀ ಈಸ್ಟ್‌ಮನ್ ಇರಲಿ ಅಂದ. ನಿಮ್ಮ ಪಾಲುದಾರನ ಮಾವ ಬಂದು ಇನ್ನು ನಾನೇ ಲೆಕ್ಕ ನೋಡುತ್ತೇನೆ ಅಂದರೆ ನೀವಾದರೂ ಒಪ್ಪುತ್ತೀರಾ? ಅವರೂ ಒಪ್ಪಲಿಲ್ಲ.

ಹೊರಗೆ ಹೆಜ್ಜೆ ಇಟ್ಟವರಲ್ಲಿ ಮೊದಲಿಗ ರಿಂಗೋ. 1968ರ ಆಗಸ್ಟ್‌ನಲ್ಲಿ ಎದ್ದು ಹೋಗಿ ಎರಡು ವಾರದಲ್ಲಿ ಮರಳಿ ಬಂದ. ಬಂದಾಗ ಅವನ ಡ್ರಮ್ಸ್ ತುಂಬ ಹೂವು ಹಾಕಿಟ್ಟಿದ್ದರು. 1969ರ ಜನವರಿ 10ಕ್ಕೆ ಜಾರ್ಜ್ ಹೋದ, ಕೆಲವು ದಿನದಲ್ಲಿ ಬಂದ. ಅದೇ ಸೆಪ್ಟೆಂಬರ್‌ನಲ್ಲಿ ಜಾನ್ ತಾನು ಬಿಡುತ್ತೇನೆ ಅಂತ ಉಳಿದವರಿಗೆ ಹೇಳಿದ, ಹೊರಗೆ ಹೇಳಲಿಲ್ಲ. 1970ರ ಏಪ್ರಿಲ್ 10ರಂದು ಸುದ್ದಿ ಹೊರಗೆ ಬಿದ್ದದ್ದು ಪಾಲ್ ಕಡೆಯಿಂದ. ಹಾಗಾಗಿ ಒಡೆದವನು ಪಾಲ್ ಅಂತಾಯಿತು. ಆ ವರ್ಷದ ಕೊನೆಯ ದಿನ ಅವನು ಲಂಡನ್ನಿನ ಹೈಕೋರ್ಟಿಗೆ ಹೋದ, ಉಳಿದ ಮೂವರ ವಿರುದ್ಧ. ಪಾಲುದಾರಿಕೆ ಕಾನೂನಿನ ಪ್ರಕಾರ ಮುಗಿದದ್ದು 1975ರ ಜನವರಿಯಲ್ಲಿ. ಹಾಡಿಕೊಂಡಿದ್ದ ಕಾಲದ ಅರ್ಧದಷ್ಟು ಕಾಲ ಬಿಡಿಸಿಕೊಳ್ಳಲು ಬೇಕಾಯಿತು.

ಜಾರ್ಜ್ ಹ್ಯಾರಿಸನ್‌ಗೆ ಎಂತ ತೊಂದ್ರೆ ಇತ್ತು? ಅವನಿಗೂ ಹಾಡು ಕೊಡ್ತಿದ್ರಲ್ಲ?

ಕೊಡುತ್ತಿದ್ದರು, ಆಲ್ಬಮ್ಮಿಗೆ ಒಂದೋ ಎರಡೋ. 1968ರ ಬಿಳಿ ಹೊದಿಕೆಯ ಆಲ್ಬಮ್ಮಿನಲ್ಲಿ 30 ಹಾಡು ಇವೆ, ಅವನವು 4.

ಜಾರ್ಜ್ ಪಾಲ್‌ಗಿಂತ ಎಂಟೇ ತಿಂಗಳು ಚಿಕ್ಕವನು. ಆದರೆ ಶಾಲೆಯಲ್ಲಿ ಒಂದು ತರಗತಿ ಕೆಳಗಿದ್ದ, ಬ್ಯಾಂಡಿಗೆ ಪಾಲ್ ಕರೆತಂದ ಹುಡುಗ. ಆ 'ಹುಡುಗ' ಅನ್ನುವ ಹಣೆಪಟ್ಟಿ ಹೋಗಲೇ ಇಲ್ಲ. ರವಿಶಂಕರ್ ಹತ್ತಿರ ಸಿತಾರ್ ಕಲಿತು ಬಂದ, 'ಸಮ್‌ಥಿಂಗ್' ಹಾಡು ಬರೆದ, ಆದರೂ ಪಾಲ್ ಅವನಿಗೆ ಯಾವ ಸ್ವರದಿಂದ ಎತ್ತಬೇಕು ಅಂತ ಹೇಳಿಕೊಡುತ್ತಿದ್ದ. ಚಿತ್ರೀಕರಣದಲ್ಲಿ ಅದು ಕಾಣುತ್ತದೆ. ನೀನು ಹೇಳಿದ ಹಾಗೆ ನುಡಿಸುತ್ತೇನೆ, ಬೇಡ ಅಂದರೆ ನುಡಿಸುವುದೇ ಇಲ್ಲ ಅಂತಾನೆ ಜಾರ್ಜ್, ದನಿ ಏರಿಸದೆ. ಕೂಗಾಡಿದ್ದರೆ ಒಳ್ಳೆಯದಿತ್ತು ಅಂತ ನನಗೆ ಅನ್ನಿಸುತ್ತದೆ.

ಬ್ಯಾಂಡ್ ಮುಗಿದ ಕೂಡಲೇ, 1970ರ ನವೆಂಬರ್‌ನಲ್ಲಿ, ಅವನು ಹೊರಗೆ ತಂದದ್ದು ಮೂರು ರೆಕಾರ್ಡ್ ತಟ್ಟೆಯ ಆಲ್ಬಂ. ಅದರಲ್ಲಿ ಬೀಟಲ್ಸಿನಲ್ಲಿ ಜಾಗ ಸಿಗದೆ ಉಳಿದ ಹಾಡುಗಳೂ ಇದ್ದವು.

## ಈಗೋ, ಅಣ್ಣ-ತಮ್ಮ, ಕೌನ್ಸೆಲಿಂಗ್

ಈಗೋ ಎಲ್ರಿಗೂ ಇರ್ತದೆ. ಬ್ಯಾಂಡಲ್ಲಿ ಅದು ಎಲ್ಲಿ ಕಾಣ್ತದೆ, ಹೇಳಿ ನೋಡುವಾ?

ವಾಲ್ಯೂಮ್ ಗುಂಡಿಯಲ್ಲಿ.

ಕೋಡಿಬಾಗದ ಒಂದು ಮಾಳಿಗೆಯಲ್ಲಿ ಹುಡುಗರು ಪ್ರಾಕ್ಟೀಸ್ ಮಾಡುವಾಗ ಮೂಲೆಯಲ್ಲಿ ಕೂತು ನೋಡಿದ್ದೇನೆ. ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್, ಒಬ್ಬ ಹಾಡುವವನು. ಶುರುವಿಗೆ ಎಲ್ಲರ ಆಂಪ್ಲಿಫೈಯರ್ ಗುಂಡಿ 3ರ ಮೇಲೆ. ಡ್ರಮ್ಮರ್ ಉಮೇದಿನಲ್ಲಿ ಸ್ವಲ್ಪ ಜೋರು ಬಡಿಯುತ್ತಾನೆ. ಲೀಡ್ ಗಿಟಾರಿನವನು "ನಂದು ಕೇಳ್ತಾ ಇಲ್ಲ" ಅಂತ 4ಕ್ಕೆ ತಿರುಗಿಸುತ್ತಾನೆ. ಇನ್ನೊಬ್ಬ ಗಿಟಾರಿನವನು ಏನೂ ಹೇಳುವುದಿಲ್ಲ, ತಂತಿ ಶ್ರುತಿ ಮಾಡುವ ನೆಪದಲ್ಲಿ ಬಗ್ಗಿ 5 ಮಾಡುತ್ತಾನೆ. ಬೇಸಿನವನು ಅದನ್ನು ಓರೆಗಣ್ಣಲ್ಲಿ ನೋಡಿ 6. ಮೂರನೇ ಹಾಡಿಗೆ ಹಾಡುವವನ ಬಾಯಿ ಆಡುವುದು ಕಾಣುತ್ತದೆ, ದನಿ ಇಲ್ಲ. ಅವನು ಮೈಕ್ ಕೆಳಗಿಟ್ಟು "ನೀವೇ ನುಡಿಸ್ಕೊಳ್ಳಿ" ಅಂತ ಮೆಟ್ಟಿಲ ಮೇಲೆ ಹೋಗಿ ಕೂತ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ಬಡಿದದ್ದು ಅದೇ ಹೊತ್ತಿಗೆ.

ಯಾರನ್ನು ಕೇಳಿದರೂ ನನಗೆ ಈಗೋ ಇಲ್ಲ, ನಂದು ಕೇಳುತ್ತಿರಲಿಲ್ಲ ಅಷ್ಟೇ ಅಂತಾರೆ. ಅದು ಸುಳ್ಳಲ್ಲ, ಅವರವರ ಜಾಗದಲ್ಲಿ ನಿಂತರೆ ನಿಜವಾಗಿಯೂ ಕೇಳುವುದಿಲ್ಲ. ಅದಕ್ಕೇ ಹೊರಗಿನ ಒಬ್ಬನ ಕಿವಿ ಬೇಕು. ದೊಡ್ಡ ಬ್ಯಾಂಡುಗಳಲ್ಲಿ ಆ ಕೆಲಸ ರೆಕಾರ್ಡಿಂಗ್ ನೋಡಿಕೊಳ್ಳುವ ಪ್ರೊಡ್ಯೂಸರ್‌ದು, ಹಬ್ಬದ ಪೆಂಡಾಲಿನಲ್ಲಿ ಸೌಂಡಿನವನದು.

ದೊಡ್ಡ ವೇದಿಕೆಯಲ್ಲೂ ಇದೇ ನಡೆಯುತ್ತದೆ. 1980ರ ಜುಲೈ 31ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಈಗಲ್ಸ್ ಬ್ಯಾಂಡಿನ ಗ್ಲೆನ್ ಫ್ರೈ, ಡಾನ್ ಫೆಲ್ಡರ್ ಹಾಡುಗಳ ನಡುವೆ ಒಬ್ಬರಿಗೊಬ್ಬರು ಎಣಿಸಿ ಹೇಳುತ್ತಿದ್ದರಂತೆ: ಇನ್ನು ಮೂರು ಹಾಡು, ಆಮೇಲೆ ನಿನಗಿದೆ. ಕೆಳಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಬ್ಯಾಂಡ್ ಮತ್ತೆ ಒಟ್ಟಾಗಿ ವೇದಿಕೆ ಹತ್ತಿದ್ದು 1994ರಲ್ಲಿ.

ಅಣ್ಣ-ತಮ್ಮ ಇರೋ ಬ್ಯಾಂಡಲ್ಲಿ ಜಗಳ ಜಾಸ್ತಿ ಯಾಕೆ?

ಮನೆಯ ಸರದಿ ಒಂದು, ಬ್ಯಾಂಡಿನ ಸರದಿ ಇನ್ನೊಂದು. ಎರಡೂ ತಿರುಗುಮುರುಗಾದರೆ ಕಷ್ಟ.

ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ನೋಡಿ. ಟಾಮ್ ಫೋಗರ್ಟಿ ಅಣ್ಣ, ಜಾನ್ ನಾಲ್ಕು ವರ್ಷ ಚಿಕ್ಕವನು. ಮೊದಲು ಅಣ್ಣನೇ ಮುಖ್ಯ ಗಾಯಕ. ತಮ್ಮನ ಗಂಟಲು, ತಮ್ಮನ ಹಾಡು ಎರಡೂ ಮೇಲು ಅಂತ ಗೊತ್ತಾದ ಮೇಲೆ ಅಣ್ಣ ಹಿಂದೆ ನಿಂತು ರಿದಮ್ ಗಿಟಾರ್ ಹಿಡಿದ. ಹಾಡು, ಪ್ರೊಡಕ್ಷನ್, ವ್ಯವಹಾರ ಎಲ್ಲ ತಮ್ಮನ ಕೈಯಲ್ಲಿ. 1971ರಲ್ಲಿ ಟಾಮ್ ಬಿಟ್ಟ. ಉಳಿದ ಇಬ್ಬರೂ ನಮಗೂ ಹಕ್ಕು ಬೇಕು ಅಂದಾಗ, ಸರಿ, ನಿಮ್ಮ ಹಾಡು ನೀವೇ ಬರೆದು ನೀವೇ ಹಾಡಿ ಅಂತ ಜಾನ್ ಬಿಟ್ಟುಕೊಟ್ಟ. ಹಾಗೆ ಬಂದ 1972ರ ಆಲ್ಬಮ್ಮನ್ನು ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಆ ವರ್ಷವೇ ಬ್ಯಾಂಡ್ ಮುಗಿಯಿತು. 1990ರಲ್ಲಿ ಟಾಮ್ ಸಾಯುವಾಗಲೂ ಅಣ್ಣ-ತಮ್ಮ ಸರಿಯಾಗಿರಲಿಲ್ಲ. 1993ರಲ್ಲಿ ಅವರಿಗೆ ದೊಡ್ಡ ಗೌರವ ಸಿಕ್ಕ ಸಮಾರಂಭದಲ್ಲೂ ಜಾನ್ ಹಳೆಯ ಜೊತೆಗಾರರ ಜೊತೆ ನುಡಿಸಲಿಲ್ಲ.

ಓಯಸಿಸ್‌ನಲ್ಲಿ ನೋಯೆಲ್ ಗ್ಯಾಲಗರ್ ಅಣ್ಣ, ಆದರೆ ತಮ್ಮ ಲಿಯಮ್ ಇದ್ದ ಬ್ಯಾಂಡಿಗೆ ಆಮೇಲೆ ಬಂದು ಸೇರಿದವನು. ಹಾಡು ಬರೆಯುವುದು ಅಣ್ಣ, ಅದಕ್ಕೆ ಮುಖ ಮತ್ತು ಗಂಟಲು ತಮ್ಮ. ಯಾರಿಂದ ಯಾರು? 2009ರ ಆಗಸ್ಟ್ 28ರಂದು ಪ್ಯಾರಿಸ್ಸಿನಲ್ಲಿ, ವೇದಿಕೆ ಹತ್ತುವ ಮೊದಲೇ ಗಿಟಾರ್ ಮುರಿಯುವವರೆಗೆ ಹೋಯಿತು. ನೋಯೆಲ್ ಅಂದೇ ಬಿಟ್ಟ.

ಕೂತು ಮಾತಾಡಿಸೋಕೆ ಕೌನ್ಸೆಲರ್ ಇಟ್ಟವ್ರು ಇಲ್ವಾ?

ಮೆಟಾಲಿಕಾ ಇಟ್ಟಿತ್ತು. ತಿಂಗಳಿಗೆ 40,000 ಡಾಲರ್ ಕೊಟ್ಟು. ಬೇಸ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ಬಿಡುವಿನಲ್ಲಿ ಇನ್ನೊಂದು ಬ್ಯಾಂಡ್ ನಡೆಸುತ್ತೇನೆ ಅಂದಿದ್ದಕ್ಕೆ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಒಪ್ಪಲಿಲ್ಲ, ನ್ಯೂಸ್ಟೆಡ್ 2001ರಲ್ಲಿ ಹೋದ. ಆಮೇಲೆ ಉಳಿದವರು ಕೌನ್ಸೆಲರ್ ಜೊತೆ ಕೂತು ಮಾತಾಡಿದ್ದೆಲ್ಲ 2004ರ ಸಾಕ್ಷ್ಯಚಿತ್ರದಲ್ಲಿದೆ. ನೋಡಿದರೆ ನಗು ಬರುತ್ತದೆ. ಆದರೆ ಬ್ಯಾಂಡ್ ಉಳಿಯಿತು, 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂತು.

## ದುಡ್ಡು ಮತ್ತು ಹೆಸರು

ಹಾಡು ಬರೆದವ್ರಿಗೆ ಬೇರೆ ದುಡ್ಡು, ನುಡಿಸಿದವ್ರಿಗೆ ಬೇರೆ ದುಡ್ಡಾ? ತಲೆಗೆ ಹೋಗ್ಲಿಲ್ಲ ಮಾಸ್ತರೇ.

ಎಲ್ಲ ಪ್ರಶ್ನೆಗಳಲ್ಲಿ ಇದು ಮುಖ್ಯ. ಸ್ವಲ್ಪ ನಿಧಾನ ಓದಿ.

ಒಂದು ಹಾಡಿನಲ್ಲಿ ಎರಡು ಹಕ್ಕು ಇವೆ. ಸಾಹಿತ್ಯ ಮತ್ತು ರಾಗ ಒಂದು. ಅದನ್ನು ಸ್ಟುಡಿಯೋದಲ್ಲಿ ನುಡಿಸಿ ಮಾಡಿದ ರೆಕಾರ್ಡಿಂಗ್ ಇನ್ನೊಂದು. ರೆಕಾರ್ಡಿಂಗಿನ ದುಡ್ಡು ಕಂಪನಿ ತನ್ನ ಪಾಲು ಹಿಡಿದುಕೊಂಡ ಮೇಲೆ ಬ್ಯಾಂಡಿಗೆಲ್ಲ ಸೇರಿ ಬರುತ್ತದೆ. ಸಾಹಿತ್ಯ-ರಾಗದ ದುಡ್ಡು ಬರೆದವರಿಗೆ ಮಾತ್ರ. ಬೇರೆ ಯಾರೋ ಆ ಹಾಡು ಹಾಡಿದರೂ, ಜಾಹೀರಾತಿನಲ್ಲಿ ಬಂದರೂ ಅವರಿಗೆ ಪಾಲು ಹೋಗುತ್ತದೆ. ಅಮೆರಿಕದ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ದುಡ್ಡು ಉಂಟು, ನುಡಿಸಿದವರಿಗೆ ಇಲ್ಲ. ಹತ್ತು ವರ್ಷ ಕಳೆದರೆ ಒಂದೇ ಬ್ಯಾಂಡಿನಲ್ಲಿ ಒಬ್ಬನಿಗೆ ಬಂಗಲೆ, ಇನ್ನೊಬ್ಬನಿಗೆ ಬಾಡಿಗೆ ಮನೆ ಅಂತಾಗಬಹುದು.

ಈಗ ಕ್ವೀನ್ ಬ್ಯಾಂಡಿನ ತಮಾಷೆ ಕೇಳಿ. 1975ರಲ್ಲಿ 'ಬೊಹೀಮಿಯನ್ ರಾಪ್ಸಡಿ' ಬಂತು, ಬರೆದವನು ಫ್ರೆಡ್ಡಿ ಮರ್ಕ್ಯುರಿ. ಆಗ ಹಾಡು ಬರುತ್ತಿದ್ದದ್ದು ಎರಡು ಬದಿಯ ಸಣ್ಣ ತಟ್ಟೆಯಲ್ಲಿ. ಹಿಂಬದಿಗೆ ಡ್ರಮ್ಮರ್ ರೋಜರ್ ಟೇಲರ್ ತನ್ನ ಕಾರಿನ ಹಾಡೊಂದನ್ನು ಹಾಕಿಸಿಕೊಂಡ. ಜನ ತಟ್ಟೆ ಕೊಂಡದ್ದು ಮುಂಬದಿಗಾಗಿ. ಆದರೆ ಪ್ರತಿ ತಟ್ಟೆಗೂ ಎರಡೂ ಬದಿಯ ಲೇಖಕರಿಗೆ ಸಮನಾದ ದುಡ್ಡು. ಅದರ ಮೇಲೆ ವರ್ಷಗಟ್ಟಲೆ ಮುನಿಸು ಇತ್ತು. ಕೊನೆಗೆ 1989ರ ಆಲ್ಬಮ್ಮಿನಿಂದ, ಯಾರು ಬರೆದರೂ ಲೇಖಕರ ಜಾಗದಲ್ಲಿ 'ಕ್ವೀನ್' ಅಂತಲೇ ಹಾಕುವುದು ಅಂತ ತೀರ್ಮಾನ ಮಾಡಿದರು. ಇದನ್ನು ಮೊದಲೇ ಮಾಡಬೇಕಿತ್ತು ಅಂತ ಬ್ರಯಾನ್ ಮೇ ಆಮೇಲೆ ಹೇಳಿದ್ದಾನೆ. ಆರ್‌.ಇ.ಎಂ. ಬ್ಯಾಂಡ್ ಶುರುವಿನಿಂದಲೇ ನಾಲ್ವರ ಹೆಸರನ್ನೂ ಹಾಕುತ್ತಿತ್ತು. ಅವರು 2011ರಲ್ಲಿ ನಿಲ್ಲಿಸಿದಾಗ ಕೋರ್ಟೂ ಇಲ್ಲ, ಬೈಗುಳವೂ ಇಲ್ಲ.

ಕಷ್ಟದ ಭಾಗ ಬೇರೆ ಉಂಟು. 'ಬರೆದದ್ದು' ಅಂದರೆ ಯಾವುದು? ಪ್ರೋಕೋಲ್ ಹಾರಮ್ ಅನ್ನುವ ಬ್ಯಾಂಡಿನ 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಕೇಳಿ. ಶುರುವಿನ ಆರ್ಗನ್ ತುಣುಕು ತೆಗೆದರೆ ಆ ಹಾಡನ್ನು ಗುರುತು ಹಿಡಿಯುವುದೇ ಕಷ್ಟ. ಅದನ್ನು ಕಟ್ಟಿ ನುಡಿಸಿದವನು ಮ್ಯಾಥ್ಯೂ ಫಿಶರ್. ಲೇಖಕರ ಪಟ್ಟಿಯಲ್ಲಿ ಅವನ ಹೆಸರಿಲ್ಲ. 2005ರಲ್ಲಿ ಕೋರ್ಟಿಗೆ ಹೋದ. 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅವನ ಕಡೆ ತೀರ್ಪು ಕೊಟ್ಟಿತು. ರಾಗದ ಹಕ್ಕಿನಲ್ಲಿ 40 ಶೇಕಡಾ ಪಾಲು, ಅದೂ ಕೇಸ್ ಹಾಕಿದ ಮೇಲಿನ ದುಡ್ಡಿಗೆ ಮಾತ್ರ. ಹಿಂದಿನ 38 ವರ್ಷದ್ದು ಹೋಯಿತು.

ಬ್ಯಾಂಡ್ ಒಡೆದ್ರೆ ಹೆಸರು ಯಾರಿಗೆ?

ಹಾಡಿಗಿಂತ ದೊಡ್ಡ ಆಸ್ತಿ ಅದು. 1974ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಮ್ಯಾನೇಜರ್, ಹೆಸರು ನನ್ನದು ಅಂತ ಹೇಳಿ, ಬೇರೆಯವರನ್ನೇ ಸೇರಿಸಿ ಅದೇ ಹೆಸರಲ್ಲಿ ಅಮೆರಿಕಕ್ಕೆ ಕಳಿಸಿದ್ದ. ಟಿಕೆಟ್ ಕೊಂಡವರು ವೇದಿಕೆ ನೋಡಿ ಇವರು ಯಾರು ಅಂದರು.

ಪಿಂಕ್ ಫ್ಲಾಯ್ಡ್ ಜಗಳ ಇದರಲ್ಲಿ ದೊಡ್ಡದು. 70ರ ದಶಕದ ಕೊನೆಗೆ ಹಾಡು, ಕಥೆ, ಯೋಜನೆ ಎಲ್ಲ ರೋಜರ್ ವಾಟರ್ಸ್ ಕೈಗೆ ಬಂತು. 'ದ ವಾಲ್' ಆಲ್ಬಂ ಮಾಡುವಾಗ ಕೀಬೋರ್ಡಿನ ರಿಚರ್ಡ್ ರೈಟ್‌ನನ್ನು ಹೊರಗೆ ಹಾಕಿಸಿದ. ಆದರೆ ಪ್ರವಾಸಕ್ಕೆ ಕೀಬೋರ್ಡ್ ಬೇಕಲ್ಲ, ಅದಕ್ಕೆ ರೈಟ್‌ನನ್ನೇ ಸಂಬಳಕ್ಕೆ ಇಟ್ಟುಕೊಂಡರು. ಆ ಪ್ರವಾಸದ ಖರ್ಚು ಎಷ್ಟಾಯಿತು ಅಂದರೆ ಪಾಲುದಾರರು ಮೂವರೂ ನಷ್ಟದಲ್ಲಿ ಬಿದ್ದರು. ಕೈಗೆ ದುಡ್ಡು ಬಂದದ್ದು ಸಂಬಳದ ರೈಟ್‌ಗೆ ಒಬ್ಬನಿಗೇ!

1985ರಲ್ಲಿ ವಾಟರ್ಸ್ ಬಿಟ್ಟ. ನಾನಿಲ್ಲದೆ ಬ್ಯಾಂಡೇ ಇಲ್ಲ ಅಂದುಕೊಂಡಿದ್ದ. ಡೇವಿಡ್ ಗಿಲ್ಮೋರ್, ನಿಕ್ ಮೇಸನ್ ಮುಂದುವರಿಸುತ್ತೇವೆ ಅಂದರು. ವಾಟರ್ಸ್ ಕೋರ್ಟಿಗೆ ಹೋದ. 1987ರ ಡಿಸೆಂಬರ್‌ನಲ್ಲಿ ರಾಜಿ ಆಯಿತು. ನಮ್ಮಲ್ಲಿ ಅಣ್ಣ-ತಮ್ಮ ಹಿಸ್ಸೆ ಆಗುವಾಗ ತೋಟ ಒಬ್ಬನಿಗೆ, ಮನೆ ಇನ್ನೊಬ್ಬನಿಗೆ, ಬಾವಿಯ ದಾರಿ ಯಾರಿಗೆ ಅಂತ ಬರೆಯುತ್ತಾರಲ್ಲ, ಹಾಗೇ ಇತ್ತು ಅದು. ಹೆಸರು ಗಿಲ್ಮೋರ್ ಮತ್ತು ಮೇಸನ್‌ಗೆ. 'ದ ವಾಲ್' ನಾಟಕೀಯ ಪ್ರದರ್ಶನದ ಹಕ್ಕು ವಾಟರ್ಸ್‌ಗೆ. ಅವರ ಕಾರ್ಯಕ್ರಮಗಳಲ್ಲಿ ಗಾಳಿ ತುಂಬಿಸಿ ಹಾರಿಸುತ್ತಿದ್ದ ದೊಡ್ಡ ಹಂದಿ ಬಲೂನಿನ ಮೇಲೂ ಕರಾರು ಆಯಿತು. ಉಳಿದವರು ತಮ್ಮ ಹಂದಿಯ ಲಿಂಗ ಬದಲಿಸಿ ಹಾರಿಸಿದರು ಅನ್ನುವುದು ಇವತ್ತಿಗೂ ಅಭಿಮಾನಿಗಳ ಜೋಕು.

ಒಡೆದ ಮೇಲೆ ಮತ್ತೆ ಸೇರೋದು ದುಡ್ಡಿಗಾ, ಪ್ರೀತಿಗಾ?

ದುಡ್ಡಿಗೆ ಅಂದರೆ ಜಾಸ್ತಿ ತಪ್ಪಾಗುವುದಿಲ್ಲ. 'ದ ಪೊಲೀಸ್' ಅನ್ನುವ ಬ್ಯಾಂಡ್ 2007ರಲ್ಲಿ ಮತ್ತೆ ಸೇರಿತು, ಪ್ರವಾಸ ಮುಗಿಸಿತು, ಮತ್ತೆ ಬೇರೆಯಾಯಿತು. ಗನ್ಸ್ ಆ್ಯಂಡ್ ರೋಸಸ್‌ನ ಸ್ಲ್ಯಾಶ್ 1996ರಲ್ಲಿ ಬಿಟ್ಟವನು 2016ರಲ್ಲಿ ಮರಳಿದ. ಪ್ರವಾಸಕ್ಕೆ ಇಟ್ಟ ಹೆಸರು 'ಈ ಜನ್ಮದಲ್ಲಿ ಇಲ್ಲ' ಅನ್ನುವ ಅರ್ಥದ್ದು. ಓಯಸಿಸ್ ಅಣ್ಣ-ತಮ್ಮ 2025ರ ಜುಲೈ 4ರಂದು ಕಾರ್ಡಿಫ್‌ನಲ್ಲಿ ಕೈ ಹಿಡಿದುಕೊಂಡು ವೇದಿಕೆಗೆ ಬಂದರು. ಪಿಂಕ್ ಫ್ಲಾಯ್ಡ್ ನಾಲ್ವರು ಮಾತ್ರ 2005ರ ಜುಲೈ 2ರಂದು, ಬಡ ದೇಶಗಳ ಪರವಾಗಿ ನಡೆದ ಲೈವ್ 8ರಲ್ಲಿ, ಒಂದೇ ಒಂದು ಸಂಜೆ ಒಟ್ಟಿಗೆ ನುಡಿಸಿ ಹೋದರು. ಆಮೇಲೆ ಎಷ್ಟು ಕರೆದರೂ ಗಿಲ್ಮೋರ್ ಒಪ್ಪಲಿಲ್ಲ.

## ನಮ್ಮ ಕಡೆಯವು

ಯಕ್ಷಗಾನ ಮೇಳದಲ್ಲೂ ಜಗಳ ಇರ್ತದೆ. ಮೇಳ ಮಾತ್ರ ಹೆಂಗೆ ತಲೆಮಾರುಗಟ್ಲೆ ನಡೀತದೆ?

ಹೊನ್ನಾವರದವರೊಬ್ಬರು ಇದನ್ನು ಕೇಳಿದ್ದು. ನನಗೆ ಇಷ್ಟವಾದ ಪ್ರಶ್ನೆ.

ಗುಣವಂತೆಯ ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು 1934ರಲ್ಲಿ. ಮಗ ಶಂಭು ಹೆಗಡೆಯವರು ನಡೆಸಿದರು, ಈಗ ಮೊಮ್ಮಗ ಶಿವಾನಂದ ಹೆಗಡೆಯವರು ನಡೆಸುತ್ತಿದ್ದಾರೆ. ಮೇಳದ ಹೆಸರು ದೇವರದ್ದು. ಯಾವ ವೇಷಧಾರಿಯೂ ಅದನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಯಜಮಾನ ಯಾರು ಅನ್ನುವುದು ಎಲ್ಲರಿಗೂ ಗೊತ್ತು. ರಂಗದ ಮೇಲೆ ಭಾಗವತರು ಎತ್ತಿದ್ದೇ ಪದ್ಯ, ನಿಲ್ಲಿಸಿದ್ದೇ ಕೊನೆ. ಪ್ರಸಂಗ ಯಾವುದೋ ಕಾಲದ ಕವಿಯದ್ದಾದರೆ ಅದರ ರಾಯಲ್ಟಿ ಅನ್ನುವ ತಲೆಬಿಸಿಯೂ ಇಲ್ಲ. ವರ್ಷದ ತಿರುಗಾಟ ಮುಗಿದ ಮೇಲೆ ಕಲಾವಿದ ಬೇರೆ ಮೇಳಕ್ಕೆ ಹೋದರೆ ಮೇಳ ಒಡೆಯಿತು ಅಂತ ಯಾರೂ ಹೇಳುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹಲವು ಮೇಳಗಳಲ್ಲಿ ವೇಷ ಮಾಡಿದರು. ಅವರು ಹೋದಲ್ಲಿ ಜನ ಹೋದರು.

ಯಾವ ವೇಷ ಯಾರಿಗೆ, ಯಾರ ಕುಣಿತ ಎಷ್ಟು ಹೊತ್ತು ಅನ್ನುವ ಮುನಿಸು ಬಣ್ಣ ಹಚ್ಚುವ ಚೌಕಿಯಲ್ಲಿ ಬೇಕಾದಷ್ಟು ಇರುತ್ತದೆ. ಅದನ್ನು ಯಾರ ಮುಂದೆ ಹೇಳಬೇಕು ಅನ್ನುವುದು ಗೊತ್ತಿರುತ್ತದೆ, ಅಷ್ಟೇ.

ನಮ್ಮ ದೇಶದ ಬ್ಯಾಂಡ್‌ಗಳು ಇದನ್ನ ಹೆಂಗೆ ನಿಭಾಯಿಸಿದ್ವು?

ಎರಡು ದಾರಿ ಕಾಣುತ್ತದೆ. ದಿಲ್ಲಿಯ ಇಂಡಿಯನ್ ಓಷನ್‌ನಲ್ಲಿ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರಲ್ಲಿ ತೀರಿಕೊಂಡ, ಬ್ಯಾಂಡ್ ಕಟ್ಟಿದವರಲ್ಲೊಬ್ಬನಾದ ಗಿಟಾರ್ ವಾದಕ ಸುಶ್ಮಿತ್ ಸೇನ್ 2013ರಲ್ಲಿ ಬಿಟ್ಟ. ಉಳಿದವರು ಹೊಸಬರನ್ನು ಸೇರಿಸಿಕೊಂಡು ಅದೇ ಹೆಸರಲ್ಲಿ ಮುಂದೆ ಹೋದರು. ಇನ್ನೊಂದು ದಾರಿ ರಘು ದೀಕ್ಷಿತ್ ಪ್ರಾಜೆಕ್ಟ್ ತರಹದ್ದು. ನಡುವೆ ಒಬ್ಬರು, ಸುತ್ತ ನುಡಿಸುವವರು ಬರುತ್ತಾರೆ, ಹೋಗುತ್ತಾರೆ. ಅಲ್ಲಿ ಯಜಮಾನ ಯಾರು ಅಂತ ಪೋಸ್ಟರೇ ಹೇಳುತ್ತದೆ.

ನಾವು ನಾಲ್ಕೇ ಜನ, ಇನ್ನೂ ಒಂದು ಹಾಡೂ ಹೊರಗೆ ಬಂದಿಲ್ಲ. ಈಗ್ಲೇ ಕರಾರು ಬರೆಯೋದು ಅತಿ ಆಗೋದಿಲ್ವಾ ಮಾಸ್ತರೇ?

ಈಗಲೇ ಬರೆಯಬೇಕು. ದುಡ್ಡು ಬಂದ ಮೇಲೆ ಬರೆಯಲು ಕೂತರೆ ಪೆನ್ನು ಯಾರು ಹಿಡಿಯಬೇಕು ಅನ್ನುವುದಕ್ಕೂ ಜಗಳ.

ಶಿರಸಿಯ ಕಾಲೇಜು ಹುಡುಗರ ಒಂದು ಬ್ಯಾಂಡ್ ಇತ್ತು. ಹೆಸರು ಬೇಡ. ನಾಲ್ವರೂ ದುಡ್ಡು ಹಾಕಿ ಒಂದು ಸೌಂಡ್ ಮಿಕ್ಸರ್ ಕೊಂಡಿದ್ದರು. ಒಬ್ಬನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ನನ್ನ ಪಾಲು ಕೊಡಿ ಅಂದ. ಕೊಂಡ ಬೆಲೆಯ ಕಾಲು ಭಾಗವೋ, ಈಗಿನ ಬೆಲೆಯ ಕಾಲು ಭಾಗವೋ? ಅದು ಇತ್ಯರ್ಥ ಆಗುವವರೆಗೆ ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಕೊಡುವುದಿಲ್ಲ ಅಂತ ಕೂತ. ಉಳಿದವರು ಹೊಸ ಹೆಸರು ಇಟ್ಟುಕೊಂಡರು. ಮಿಕ್ಸರ್ ಒಬ್ಬರ ಮನೆಯ ಅಟ್ಟದಲ್ಲಿದೆ, ಮಳೆಗಾಲದಲ್ಲಿ ಬೂಸ್ಟು ಹಿಡಿದು ಈಗ ಆನ್ ಆಗುವುದೇ ಇಲ್ಲ.

ವಕೀಲರು ಬೇಡ, ಒಂದು ಹಾಳೆ ಸಾಕು. ಹಾಡಿನ ಪಾಲು ಸಮನೋ, ಬರೆದವರಿಗೆ ಜಾಸ್ತಿಯೋ. ಹೆಸರು ಯಾರ ಹತ್ತಿರ ಉಳಿಯಬೇಕು. ಸಾಮಾನು ಯಾರದ್ದು, ಬಿಟ್ಟು ಹೋಗುವವನಿಗೆ ಎಷ್ಟು. ಪಾಸ್‌ವರ್ಡ್ ಕನಿಷ್ಠ ಇಬ್ಬರ ಹತ್ತಿರ. ನಾಲ್ವರೂ ಸಹಿ ಹಾಕಿ, ನಾಲ್ವರೂ ಫೋಟೋ ತೆಗೆದಿಟ್ಟುಕೊಳ್ಳಿ. ಸ್ವಂತ ಹಾಡು ಹೊರಗೆ ತರುವವರು ಐಪಿಆರ್‌ಎಸ್ ಸದಸ್ಯತ್ವ ಮಾಡಿಸಿಕೊಳ್ಳಿ. ಸಾಹಿತ್ಯ, ಸಂಗೀತದವರ ರಾಯಲ್ಟಿ ಕೂಡಿಸಿ ಕೊಡುವ ಸಂಸ್ಥೆ ಅದು. ಹಾಡು ನೋಂದಾಯಿಸುವಾಗ ಯಾರಿಗೆ ಎಷ್ಟು ಶೇಕಡಾ ಅಂತ ಅಲ್ಲೇ ಬರೆಯಬೇಕಾಗುತ್ತದೆ. ಆ ಶೇಕಡಾದ ಮಾತು ಅವತ್ತು ಮೊದಲ ಸಲ ಬರಬಾರದು.

ಒಬ್ಬನನ್ನ ತೆಗೀಲೇಬೇಕು ಅಂತ ಮೂವರೂ ಒಪ್ಪಿದ್ದೇವೆ. ಅವನಿಗೆ ಹೇಳೋದು ಹೆಂಗೆ?

ಹೇಗೆ ಹೇಳಬಾರದು ಅನ್ನುವುದಕ್ಕೆ ಎರಡು ಕಥೆ ಉಂಟು. 1962ರ ಆಗಸ್ಟ್‌ನಲ್ಲಿ ಬೀಟಲ್ಸ್ ತಮ್ಮ ಡ್ರಮ್ಮರ್ ಪೀಟ್ ಬೆಸ್ಟ್‌ನನ್ನು ತೆಗೆದರು. ಹೇಳಿದ್ದು ಮ್ಯಾನೇಜರ್, ತನ್ನ ಆಫೀಸಿಗೆ ಕರೆಸಿ. ಉಳಿದ ಮೂವರು ಎದುರು ಬರಲೇ ಇಲ್ಲ. 1983ರ ಏಪ್ರಿಲ್‌ನಲ್ಲಿ ಮೆಟಾಲಿಕಾದವರು ಡೇವ್ ಮಸ್ಟೇನ್‌ನನ್ನು ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಎಬ್ಬಿಸಿ, ನೀನು ಇನ್ನು ಬ್ಯಾಂಡಲ್ಲಿ ಇಲ್ಲ ಅಂತ ಹೇಳಿ ಕ್ಯಾಲಿಫೋರ್ನಿಯಾದ ಬಸ್ ಹತ್ತಿಸಿದರು. ದೇಶದ ಆ ತುದಿಯಿಂದ ಈ ತುದಿಗೆ ದಿನಗಟ್ಟಲೆ ಪ್ರಯಾಣ. ಅವನು ಮೆಗಾಡೆತ್ ಕಟ್ಟಿ ಕೋಟಿಗಟ್ಟಲೆ ರೆಕಾರ್ಡ್ ಮಾರಿದ. ಆದರೂ 2004ರ ಆ ಸಾಕ್ಷ್ಯಚಿತ್ರದಲ್ಲಿ ಡ್ರಮ್ಮರ್ ಲಾರ್ಸ್ ಉಲ್ರಿಚ್ ಎದುರು ಕೂತು ಆ ನೋವನ್ನೇ ಹೇಳಿಕೊಳ್ಳುತ್ತಾನೆ.

ನೀವು ಮೂವರೂ ಹೋಗಿ. ವಾಟ್ಸಾಪಿನಲ್ಲಿ ಬೇಡ, ಗ್ರೂಪಿನಿಂದ ಮೊದಲೇ ತೆಗೆಯುವುದಂತೂ ಬೇಡವೇ ಬೇಡ. ಹಿಂದಿನ ಕಾರ್ಯಕ್ರಮದ ಬಾಕಿ ಇದ್ದರೆ ಲೆಕ್ಕ ಮಾಡಿ ಜೊತೆಗೇ ತೆಗೆದುಕೊಂಡು ಹೋಗಿ. ಅವನು ಕಟ್ಟಿದ ತುಣುಕು ನಿಮ್ಮ ಯಾವ ಹಾಡಿನಲ್ಲಿದೆ, ಅದಕ್ಕೆ ಅವನ ಹೆಸರು ಇರುತ್ತದೋ ಇಲ್ಲವೋ ಅನ್ನುವುದನ್ನು ಅವನು ಕೇಳುವ ಮೊದಲೇ ಹೇಳಿ. ಮತ್ತೆ, ಕರಾವಳಿ ಉತ್ಸವದ ಹಿಂದಿನ ದಿನ ಈ ಕೆಲಸಕ್ಕೆ ಹೋಗಬೇಡಿ. ಡ್ರಮ್ಮರ್ ಸಿಗುವುದಿಲ್ಲ.